ಸೇವೆ ಮುಗಿಸಿದ ಬಂದೂಕು

ಕಳೆದ ದೀಪಾವಳಿಯ ರಜೆಯಲ್ಲಿ ಹೈದರಾಬಾದಿನಿಂದ ಊರಿಗೆ ಬಂದಿದ್ದ ನಮ್ಮ ಅಣ್ಣನ ಮಗನು ಒಂದು ಸಂಜೆ ಪಡಸಾಲೆಯಲ್ಲಿ ಕುಳಿತು ತನ್ನ ಮೊಬೈಲಿನಲ್ಲಿದ್ದ ಚಿತ್ರವೊಂದನ್ನು ನಮಗೆ ತೋರಿಸಿದನು. ಅಮೆರಿಕದ ಗೃಹಸ್ಥನೊಬ್ಬನು ಹೊಸದಾಗಿ ಕೊಂಡ ಹಳೆಯ ಸೈನಿಕ ಬಂದೂಕನ್ನು ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ ಮಲಗಿಸಿ, ಅದರ ಪಕ್ಕದಲ್ಲಿ ನಗುಮುಖದಿಂದ ನಿಂತಿದ್ದನು. ಮರದ ಹಿಡಿಯು ಬಂದು ಕೂಡುವೆಡೆಯಲ್ಲಿರುವ ಉಕ್ಕಿನ ಮೇಲೆ ಕಿರೀಟದ ಮೊಹರು. ಅದರ ಕೆಳಗೆ ‘ಇಷಾಪುರ’ ಎಂಬ ಹೆಸರು. ಅದರ ಕೆಳಗೆ 1945 ಎಂಬ ಇಸವಿ. ಹುಡುಗನು ಕೇಳಿದನು: “ಕಾಕಾ, ನಮ್ಮ ದೇಶದಾಗ ಮಾಡಿದ ಬಂದೂಕ ಅವ್ರು ಮನ್ಯಾಗ ಇಟ್ಕೋತಾರ. ನಮಗ್ಯಾಕ ಇಟ್ಕೊಳ್ಳಾಕ ಬರಲ್ಲ?”

ನಾವು ಉತ್ತರ ಕೊಡುವ ಮೊದಲೇ ಒಳಗಿನಿಂದ ನಮ್ಮ ಆಯಿಯ ದನಿ ಕೇಳಿಸಿತು. ಅವರಿಗೆ ಈಗ ಎಂಬತ್ತಾರು ವರ್ಷ ದಾಟಿವೆ. “ಅದು ಒಳಗ ಇಡಪ್ಪ. ದೀಪ ಹಚ್ಚೋ ಹೊತ್ತಿನಾಗ ಬಂದೂಕದ ಮಾತ ಬ್ಯಾಡ” ಎಂದರು. ಹುಡುಗನು ನಕ್ಕು ಮೊಬೈಲನ್ನು ಜೇಬಿಗೆ ಹಾಕಿಕೊಂಡನು. ನಮಗೆ ಮಾತ್ರ ಅಂದು ರಾತ್ರಿ ನಿದ್ರೆ ಬೇಗ ಹತ್ತಲಿಲ್ಲ. ಒಂದೇ ವಸ್ತುವು ಒಬ್ಬರಿಗೆ ನಲಿವು, ಇನ್ನೊಬ್ಬರಿಗೆ ನಡುಕ ಆದುದು ಹೇಗೆ? ಈ ಪ್ರಶ್ನೆಗೆ ಇತಿಹಾಸದಲ್ಲಿಯೇ ಉತ್ತರವಿರಬೇಕೆಂದು ನಮಗೆ ತೋರಿತು. ಅದನ್ನು ಹುಡುಕಿದಷ್ಟು ಮಟ್ಟಿಗೆ ಸಂಘದ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಮೊದಲು ಆ ಬಂದೂಕಿನ ಜನ್ಮವೃತ್ತಾಂತವನ್ನು ನೋಡೋಣ. ನಮ್ಮ ಜನರು ‘ತ್ರೀ ನಾಟ್ ತ್ರೀ’ ಎಂದು ಕರೆಯುವ ಈ ಆಯುಧದ ನಿಜವಾದ ಹೆಸರು ಲೀ-ಎನ್‌ಫೀಲ್ಡ್. ಸ್ಕಾಟ್ಲೆಂಡಿನಲ್ಲಿ 1831ರಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಅಮೆರಿಕದಲ್ಲಿ ನೆಲೆಸಿದ ಜೇಮ್ಸ್ ಪ್ಯಾರಿಸ್ ಲೀ ಎಂಬುವನು ಇದರ ಬೋಲ್ಟು ಮತ್ತು ಮ್ಯಾಗಜಿನ್ನುಗಳ ಏರ್ಪಾಡನ್ನು ಕಲ್ಪಿಸಿದನು. ಇಂಗ್ಲೆಂಡಿನ ಎನ್‌ಫೀಲ್ಡ್ ಎಂಬಲ್ಲಿಯ ಸರಕಾರಿ ಕಾರ್ಖಾನೆಯು ಅದಕ್ಕೆ ತಕ್ಕ ನಳಿಗೆಯನ್ನು ಒದಗಿಸಿತು. ಹೀಗೆ ಇಬ್ಬರ ಹೆಸರೂ ಕೂಡಿಕೊಂಡವು. ನಳಿಗೆಯ ಬಾಯಳತೆ ಒಂದು ಅಂಗುಲದ ಸಾವಿರ ಭಾಗಗಳಲ್ಲಿ 303 ಭಾಗ. ಅದರಿಂದಲೇ ಜನರ ಬಾಯಿಯ ಹೆಸರು ಬಂದಿತು. 20ನೆಯ ಶತಮಾನದ ಆರಂಭದಲ್ಲಿ ರೂಪುಗೊಂಡ ಇದರ ಗಿಡ್ಡ ನಮೂನೆಯು ಸುಮಾರು 44 ಅಂಗುಲ ಉದ್ದ, 4 ಕಿಲೋಗ್ರಾಮಿನಷ್ಟು ತೂಕ. ಮ್ಯಾಗಜಿನ್ನಿನಲ್ಲಿ 10 ತೋಟೆಗಳು ಹಿಡಿಸುವುವು. ಪಳಗಿದ ಸಿಪಾಯಿಯು ಗುರಿ ನೋಡಿ ನಿಮಿಷಕ್ಕೆ 15 ಈಡುಗಳನ್ನು ಹೊಡೆಯಬೇಕೆಂಬುದು ಆ ಕಾಲದ ಕಟ್ಟಳೆಯಾಗಿತ್ತು. ಬಂಗಾಳದಲ್ಲಿ ಹೂಗ್ಲಿ ನದಿಯ ದಂಡೆಯ ಮೇಲಿರುವ ಇಷಾಪುರದಲ್ಲಿ ಮೊದಲು ಮದ್ದಿನ ಕಾರ್ಖಾನೆಯಿತ್ತು. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿಯೇ ರೈಫಲ್ ಕಾರ್ಖಾನೆ ತಲೆಯೆತ್ತಿತು. ಎರಡು ಮಹಾಯುದ್ಧಗಳಲ್ಲಿಯೂ ಭಾರತದ ಸಿಪಾಯಿಗಳು ಹೊತ್ತುದು ಇದೇ ಬಂದೂಕನ್ನು. ಇಂಗ್ಲೆಂಡ್, ಭಾರತ, ಆಸ್ಟ್ರೇಲಿಯಾ, ಕೆನಡಾ, ಅಮೆರಿಕಗಳಲ್ಲಿ ಒಟ್ಟು ತಯಾರಾದ ಲೀ-ಎನ್‌ಫೀಲ್ಡುಗಳು 1 ಕೋಟಿ 70 ಲಕ್ಷದಷ್ಟೆಂದು ಅಂದಾಜು.

ಯುದ್ಧವು ಮುಗಿದ ಮೇಲೆ ಇಷ್ಟೊಂದು ಬಂದೂಕುಗಳು ಏನಾಗಬೇಕು? ಮುದಿಯೆತ್ತನ್ನು ರೈತನು ಸಂತೆಗೆ ಹೊಡೆಯುವಂತೆ ಸರಕಾರಗಳು ಇವುಗಳನ್ನು ಹೆಚ್ಚುವರಿ ಮಾಲೆಂದು ಮಾರಿಬಿಟ್ಟವು. 1945ರ ನಂತರ ಅಮೆರಿಕದಲ್ಲಿ ಇಂತಹ ಬಂದೂಕುಗಳು ಕೆಲವೇ ಡಾಲರುಗಳಿಗೆ ದೊರೆಯುತ್ತಿದ್ದವು. ಅಂಚೆಯ ಮೂಲಕವೂ ಬರುತ್ತಿದ್ದವು. ಆ ದೇಶದಲ್ಲಿ ನಾಗರಿಕರಿಗೆ ಗುರಿ ಹೊಡೆಯುವುದನ್ನು ಕಲಿಸಬೇಕೆಂದು 1903ರಷ್ಟು ಹಿಂದೆಯೇ ಒಂದು ಸರಕಾರಿ ಮಂಡಲಿ ಸ್ಥಾಪಿತವಾಗಿತ್ತು. ಆದುದರಿಂದ ಹಳೆಯ ಸೈನಿಕ ಬಂದೂಕನ್ನು ಸಾಕುವುದು ಅಲ್ಲಿ ನಾಣ್ಯ ಅಥವಾ ಅಂಚೆಚೀಟಿಗಳನ್ನು ಕೂಡಿಹಾಕುವಂತಹ ಹವ್ಯಾಸವಾಗಿ ಬೆಳೆಯಿತು.

ಈ ಹವ್ಯಾಸದ ಸುಖವು ಎಲ್ಲಿದೆಯೆಂಬುದನ್ನು ನಾವು ಅಲ್ಲಗಳೆಯಲಾರೆವು. ಹೊಸಬನ ಮನೆಗೆ ಬಂದ ಬಂದೂಕು ದಶಕಗಳ ಗ್ರೀಸಿನಲ್ಲಿ ಮುಳುಗಿರುವುದು. ಅದನ್ನು ಬಿಚ್ಚಿ, ಬಿಸಿನೀರು ಮತ್ತು ಸೀಮೆಎಣ್ಣೆಗಳಿಂದ ದಿನಗಟ್ಟಲೆ ಒರೆಸಿದ ಮೇಲೆ ಒಳಗಿನ ಮರದ ಬಣ್ಣವೂ ಉಕ್ಕಿನ ಹೊಳಪೂ ತಲೆದೋರುವುವು. ಆಮೇಲೆ ಅವನು ಗುರುತುಗಳನ್ನು ಓದತೊಡಗುವನು. ಬೋಲ್ಟಿನ ಮೇಲಿನ ಸಂಖ್ಯೆಯೂ ದೇಹದ ಮೇಲಿನ ಸಂಖ್ಯೆಯೂ ಒಂದೇ ಆಗಿದ್ದರೆ ಅವು ಹುಟ್ಟಿದಂದಿನಿಂದ ಜೊತೆಯಾಗಿದ್ದುವೆಂದು ಅರ್ಥ. ಬೇರೆಯಾಗಿದ್ದರೆ ಬೋಲ್ಟಿಗೂ ತೋಟೆಗೂ ನಡುವಿನ ಅಂತರವನ್ನು ಬಲ್ಲವನಿಂದ ಅಳೆಯಿಸದೆ ಹೊಡೆಯಕೂಡದು, ತೋಟೆಯು ಒಡೆದು ಹಿಂದಕ್ಕೆ ಸಿಡಿಯುವ ಅಪಾಯವುಂಟು. ಇಷಾಪುರದ ಬಂದೂಕಾದರೆ ಮುಂಭಾಗದ ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಇರುವುದುಂಟು. ಇಲ್ಲಿಯ ಬೇಸಗೆ ಮತ್ತು ಮಳೆಗಾಲಗಳಲ್ಲಿ ಮರವು ಬಿರಿಯಬಾರದೆಂದು ಅದನ್ನು ಸೇರಿಸಿದರು. ಕೆಲವಕ್ಕೆ ಮರದ ಸುತ್ತ ತಂತಿಯನ್ನು ಬಿಗಿಯಾಗಿ ಸುತ್ತಿರುವರು. ಅವು ಕೈಬಾಂಬನ್ನು ದೂರಕ್ಕೆ ಎಸೆಯಲು ಬಳಸಿದವು. ಹಳೆಯ ತೋಟೆಗಳ ಮದ್ದು ನಳಿಗೆಯಲ್ಲಿ ಉಪ್ಪಿನಂಶವನ್ನು ಬಿಡುವುದರಿಂದ, ಹೊಡೆದ ದಿನವೇ ಕುದಿಯುವ ನೀರನ್ನು ನಳಿಗೆಯಲ್ಲಿ ಸುರಿದು, ಪುಲ್‌ಥ್ರೂ ಎಂಬ ಹಗ್ಗಕ್ಕೆ ಬಟ್ಟೆಯ ಚಿಂದಿ ಕಟ್ಟಿ ಎಳೆದು, ಎಣ್ಣೆ ಸವರಬೇಕು. ಇಲ್ಲವಾದರೆ ಮರುದಿನವೇ ತುಕ್ಕು. ಇವೆಲ್ಲವನ್ನೂ ಮಾಡುವವನು ಕೇವಲ ಢಂ ಎಂಬ ಸದ್ದಿಗಾಗಿ ಮಾಡುವುದಿಲ್ಲ. ತಾನು ಕಾಣದ ಸಿಪಾಯಿಯೊಬ್ಬನ ಕೈಯ ಸವೆತವನ್ನು ಹಿಡಿಯ ಮೇಲೆ ಮುಟ್ಟಿ ನೋಡುವುದರಲ್ಲಿ ಅವನಿಗೆ ಸಂತೋಷ. ಇದೂ ಒಂದು ಬಗೆಯ ಇತಿಹಾಸದ ಓದೇ ಸರಿ.

ಆದರೆ ಆ ದೇಶದಲ್ಲಿಯೂ ಇದಕ್ಕೆ ಬೇರೊಂದು ಮುಖವುಂಟು. 1963ರ ನವೆಂಬರ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದುದು ಇಟಲಿಯ ಸೈನ್ಯವು ಮಾರಿದ ಒಂದು ಹಳೆಯ ಬಂದೂಕು. ಹಂತಕನು ಅದನ್ನು ದೂರದರ್ಶಕದೊಡನೆ 19 ಡಾಲರು 95 ಸೆಂಟಿನ ಬೆಲೆಗೆ, ಸುಳ್ಳು ಹೆಸರು ಕೊಟ್ಟು, ಅಂಚೆಯ ಮೂಲಕ ತರಿಸಿಕೊಂಡಿದ್ದನು. ಅದಾದ ಐದು ವರ್ಷಗಳಿಗೆ, 1968ರಲ್ಲಿ, ಅಮೆರಿಕವು ಅಂಚೆಯ ಮಾರಾಟವನ್ನೂ ಸೈನಿಕ ಬಂದೂಕುಗಳ ಆಮದನ್ನೂ ಶಾಸನದಿಂದ ತಡೆಯಿತು. 1980ರ ದಶಕದಲ್ಲಿ ಆಮದಿನ ತಡೆ ಸಡಿಲವಾದ ಮೇಲೆ ನಮ್ಮ ಇಷಾಪುರದ ಮಾಲು ಸಮುದ್ರ ದಾಟಿತು. ನಮ್ಮ ಹುಡುಗನು ಚಿತ್ರದಲ್ಲಿ ಕಂಡುದು ಅಂತಹುದೇ ಒಂದನ್ನು.

ಇನ್ನು ‘ನಮಗೇಕೆ ಇಲ್ಲ’ ಎಂಬ ಪ್ರಶ್ನೆಗೆ ಬರೋಣ. ಇದರ ಬೇರು 1857ರಲ್ಲಿದೆ. ಆ ವರ್ಷದ ಬಂಡಾಯಕ್ಕೆ ಕಿಡಿ ಹಚ್ಚಿದುದು ಎನ್‌ಫೀಲ್ಡ್ ಕಾರ್ಖಾನೆಯದೇ ಹಿಂದಿನ ನಮೂನೆಯ ಕೊಬ್ಬು ಸವರಿದ ತೋಟೆ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಬಂಡಾಯವು ಅಡಗಿದ ಮೇಲೆ ಇಂಗ್ಲಿಷರು ಮಾಡಿದ ಉಪಾಯವನ್ನು ಮಾತ್ರ ಪಠ್ಯಪುಸ್ತಕಗಳು ಹೇಳುವುದು ಕಡಿಮೆ. ನಳಿಗೆಯ ಒಳಗೆ ಕೊರೆದ ಸುರುಳಿಗೆರೆಗಳೇ ಗುಂಡನ್ನು ತಿರುಗಿಸಿ ದೂರಕ್ಕೆ ನೇರವಾಗಿ ಒಯ್ಯುವುವು. ಬಿಳಿಯ ಸಿಪಾಯಿಗೆ ಗೆರೆಯುಳ್ಳ ರೈಫಲ್ಲನ್ನು ಕೊಟ್ಟು, ದೇಶೀಯ ಸಿಪಾಯಿಗೆ ಗೆರೆಯಿಲ್ಲದ ನಯವಾದ ನಳಿಗೆಯ ಮಸ್ಕೆಟ್ಟನ್ನು ಕೊಟ್ಟರು. ನೋಡುವುದಕ್ಕೆ ಎರಡೂ ಒಂದೇ. ಗುರಿಯಲ್ಲಿ ಮಾತ್ರ ಅಜಗಜಾಂತರ. ಮುಂದೆ 1878ರಲ್ಲಿ ಲಾರ್ಡ್ ಲಿಟ್ಟನನ ಕಾಲದ ಆಯುಧ ಶಾಸನವು ಭಾರತೀಯರಿಗೆ ಪರವಾನಗಿಯಿಲ್ಲದೆ ಆಯುಧವಿಡುವುದನ್ನು ಅಪರಾಧವೆಂದು ಸಾರಿತು. ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತು. ಈ ಭೇದವು ಸ್ವಾಭಿಮಾನಿಗಳನ್ನು ಬಹಳ ಕಾಲ ಚುಚ್ಚಿತು. ಅಹಿಂಸೆಯನ್ನು ವ್ರತವಾಗಿ ತಳೆದ ಗಾಂಧೀಜಿಯವರು ಸಹ ಇಡೀ ಜನಾಂಗವನ್ನು ನಿರಾಯುಧಗೊಳಿಸಿದ ಈ ಶಾಸನವನ್ನು ಖಂಡಿಸಿದ್ದರು. 1931ರ ಕರಾಚಿ ಕಾಂಗ್ರೆಸ್ಸು ಸ್ವೀಕರಿಸಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧವಿಡುವ ಹಕ್ಕೂ ಸೇರಿತ್ತು. ಸ್ವತಂತ್ರ ಭಾರತದ ಸಂವಿಧಾನದಲ್ಲಿ ಆ ಹಕ್ಕಿಗೆ ಸ್ಥಾನ ದೊರೆಯಲಿಲ್ಲ. 1959ರ ಆಯುಧ ಶಾಸನವು ಜಾತಿವರ್ಣಗಳ ಭೇದವನ್ನು ತೆಗೆದುಹಾಕಿತು. ಪರವಾನಗಿಯ ಕಟ್ಟನ್ನು ಉಳಿಸಿಕೊಂಡಿತು. 2019ರ ತಿದ್ದುಪಡಿಯ ಪ್ರಕಾರ ಪರವಾನಗಿಯುಳ್ಳವನೂ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕುಗಳನ್ನು ಇಡುವಂತಿಲ್ಲ.

ಪರವಾನಗಿ ದೊರೆತರೂ ತ್ರೀ ನಾಟ್ ತ್ರೀ ದೊರೆಯದು. ಸೈನ್ಯದ ತೋಟೆ ಹಿಡಿಸುವ ಬಂದೂಕು ‘ನಿಷಿದ್ಧ ಬೋರು’ ಎಂಬ ವರ್ಗಕ್ಕೆ ಸೇರಿದೆ. ಈ ನಿಷೇಧವೂ ಇಂಗ್ಲಿಷರ ಕಾಲದ್ದೇ. ದಂಡಿನ ಉಗ್ರಾಣದಿಂದ ಕದ್ದ ತೋಟೆಯು ನಾಗರಿಕರ ಬಂದೂಕಿನಲ್ಲಿ ಹಿಡಿಸಕೂಡದು. ಆಗ ಕಳವಿಗೆ ಬೆಲೆಯಿರದು ಎಂಬುದು ಅವರ ತರ್ಕ. ಆದುದರಿಂದ ಬೇಟೆಗಾರರಿಗಾಗಿ ಅದೇ ಲೀ-ಎನ್‌ಫೀಲ್ಡಿನ ದೇಹಕ್ಕೆ ಬೇರೆ ಅಳತೆಯ ನಳಿಗೆಯನ್ನು ಕೂಡಿಸಿ 315 ಬೋರಿನ ಬಂದೂಕನ್ನು ಮಾಡಿದರು. ಅದರ ತೋಟೆಯು ಆಸ್ಟ್ರಿಯಾ ದೇಶದ ಮಾನ್ಲಿಖರ್ ತೋಟೆಯ ಸಂತತಿ. ಸ್ವಾತಂತ್ರ್ಯಾನಂತರ ಇಷಾಪುರದ ಕಾರ್ಖಾನೆಯೂ ಇದನ್ನು ತಯಾರಿಸಿ ಪರವಾನಗಿದಾರರಿಗೆ ಮಾರುತ್ತ ಬಂದಿದೆ. ಹೀಗೆ ಭಾರತದ ಹವ್ಯಾಸಿಗೆ ನ್ಯಾಯವಾಗಿ ದಕ್ಕುವುದು ಸೈನಿಕ ಬಂದೂಕಲ್ಲ, ಅದರ ದಾಯಾದಿ. ಇನ್ನೊಬ್ಬ ದಾಯಾದಿಯೂ ಉಂಟು. ಹಳೆಯ ತ್ರೀ ನಾಟ್ ತ್ರೀಯ ನಳಿಗೆಯನ್ನು ಕೊರೆದು, ಸುರುಳಿಗೆರೆಯನ್ನು ಅಳಿಸಿ, ಮ್ಯಾಗಜಿನ್ನಿನ ಜಾಗಕ್ಕೆ ಮರದ ತುಂಡನ್ನು ತುಂಬಿ, ಒಮ್ಮೆಗೆ ಒಂದೇ ತೋಟೆ ಹಿಡಿಸುವ 410 ಬೋರಿನ ಮಸ್ಕೆಟ್ಟನ್ನಾಗಿ ಮಾಡಿ ಪೋಲೀಸರಿಗೂ ಸೆರೆಮನೆಯ ಕಾವಲುಗಾರರಿಗೂ ಕೊಟ್ಟರು. 1857ರ ನಂತರದ ಉಪಾಯವೇ ಮತ್ತೊಮ್ಮೆ ಮರುಕಳಿಸಿದುದನ್ನು ವಾಚಕರು ಗಮನಿಸಬೇಕು.

ಇಷ್ಟೆಲ್ಲ ಕಟ್ಟುಗಳ ನಡುವೆ ಕನ್ನಡನಾಡಿನಲ್ಲಿಯೇ ಒಂದು ಅಪವಾದವಿದೆ. ಅದು ಕೊಡಗು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಇಂಗ್ಲಿಷರು, 1857ರಲ್ಲಿ ಅಲ್ಲಿಯ ಜನರು ತಮ್ಮ ವಿರುದ್ಧ ಏಳಲಿಲ್ಲವೆಂಬ ಕಾರಣಕ್ಕೆ, 1861ರಲ್ಲಿ ಅವರನ್ನು ನಿರಾಯುಧೀಕರಣದ ಶಾಸನದಿಂದ ಬಿಟ್ಟರು. ಆಗ ಮೈಸೂರು ಮತ್ತು ಕೊಡಗುಗಳ ಆಡಳಿತವನ್ನು ನೋಡುತ್ತಿದ್ದವನು ಮಾರ್ಕ್ ಕಬ್ಬನ್. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ದೊರೆತ ಆ ವಿನಾಯಿತಿಯು ಸ್ವತಂತ್ರ ಭಾರತದಲ್ಲಿಯೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧವೆಂದು ಹೂಡಿದ ದಾವೆಯನ್ನು 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ತಳ್ಳಿಹಾಕಿತು. ಅಲ್ಲಿ ಕೋವಿಯು ಮನೆಯ ಒಬ್ಬ ಸದಸ್ಯನಂತೆ. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು ಹೊಡೆದು ನೆರೆಯವರಿಗೆ ತಿಳಿಸುವ ಪದ್ಧತಿಯಿತ್ತು. ಸಪ್ಟೆಂಬರದ ಆರಂಭದಲ್ಲಿ ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಒರೆಸಿ, ತೋಕ್ ಪೂವೆಂಬ ಕೆಂಪು ಹೂವನ್ನಿಟ್ಟು ಪೂಜಿಸಿ, ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಹೊಡೆಯುವರು. ಅಮೆರಿಕದ ಗೃಹಸ್ಥನು ಮೇಜಿನ ಮೇಲೆ ಕಂಡ ಸುಖವನ್ನು ಕೊಡಗಿನವರು ಹಬ್ಬದಲ್ಲಿ ಕಾಣುವರು. ಅಲ್ಲಿಯ ಅಜ್ಜಿಯರು ಕೋವಿಯ ಹೆಸರು ಕೇಳಿದರೆ ‘ಒಳಗೆ ಇಡಪ್ಪ’ ಎನ್ನಲಾರರು.

ಹಾಗಾದರೆ ನಮ್ಮ ಆಯಿ ಏಕೆ ಹಾಗೆಂದರು? ಇದಕ್ಕೆ ಕಂಗ್ಟಿಯ ನೆಲದ ಕಥೆಯನ್ನೇ ಹೇಳಬೇಕು. ನಮ್ಮ ನಾರಾಯಣಖೇಡ ಸೀಮೆಯೂ ಜಹೀರಾಬಾದೂ 1956ರ ಅಕ್ಟೋಬರ 31ರವರೆಗೆ ಬೀದರ ಜಿಲ್ಲೆಗೆ ಸೇರಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಭಾಷಾವಾರು ವಿಂಗಡಣೆಯಲ್ಲಿ ಇವೆಲ್ಲ ಆಂಧ್ರ ಪ್ರದೇಶಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಅದಕ್ಕೂ ಮೊದಲು ಎಲ್ಲವೂ ನಿಜಾಮರ ರಾಜ್ಯ. ಬೀದರ ಕೋಟೆಯ ಮುಂಡಾ ಬುರುಜಿನ ಮೇಲಿನ ದೊಡ್ಡ ತೋಪನ್ನು ನಾವು ಮಕ್ಕಳಿದ್ದಾಗ ಹತ್ತಿ ಕುಳಿತು ಆಡಿದ್ದೇವೆ. ತೋಪಿನ ಭಯ ಯಾರಿಗೂ ಇರಲಿಲ್ಲ. ಅದರ ಕಾಲ ಮುಗಿದುಹೋಗಿತ್ತು. ಬಂದೂಕಿನ ಭಯವು ಹುಟ್ಟಿದುದು 1947-48ರ ಆ ಹದಿಮೂರು ತಿಂಗಳುಗಳಲ್ಲಿ.

ಭಾರತವು ಸ್ವತಂತ್ರವಾದರೂ ಹೈದರಾಬಾದು ಒಕ್ಕೂಟವನ್ನು ಸೇರಲಿಲ್ಲ. ಲಾತೂರಿನಲ್ಲಿ ವಕೀಲನಾಗಿದ್ದ ಕಾಸಿಂ ರಜ್ವಿಯ ನಾಯಕತ್ವದಲ್ಲಿ ರಜಾಕಾರರೆಂಬ ಪಡೆಯು ಹಳ್ಳಿಹಳ್ಳಿಗೂ ಹಬ್ಬಿತು. ಅವರಲ್ಲಿ ಹೊಸ ಬಂದೂಕುಳ್ಳವರು ಸ್ವಲ್ಪ ಜನ. ಹೆಚ್ಚಿನವರ ಕೈಯಲ್ಲಿದ್ದುದು ಬಾಯಿಂದ ಮದ್ದು ತುಂಬುವ ಭರ್ಮಾರ್ ಬಂದೂಕು, ಕತ್ತಿ, ಬರ್ಚಿಗಳು. ಗಡಿಯಾಚೆಯ ಶಿಬಿರಗಳಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಯುವಕರೂ ಬಂದೂಕು ಹಿಡಿದು ಎದುರು ನಿಂತರು. ಅದೇ ಬೇಸಗೆಯಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕನು ಯುದ್ಧಾನಂತರದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ನಿಜಾಮರ ಸರಕಾರಕ್ಕಾಗಿ ಆಯುಧಗಳನ್ನು ತುಂಬಿಕೊಂಡು, ಕರಾಚಿಯಿಂದ ರಾತ್ರಿಯ ಹೊತ್ತು ಹಾರಿ, ವಾರಂಗಲ್ಲಿನಲ್ಲಿಯೂ ನಮ್ಮ ಬೀದರಿನಲ್ಲಿಯೂ ಇಳಿಸಿದನು. ಇದಕ್ಕಾಗಿ ಆಮೇಲೆ ಇಂಗ್ಲೆಂಡಿನ ನ್ಯಾಯಾಲಯವು ಅವನಿಗೆ ವಿಧಿಸಿದ ದಂಡ 200 ಪೌಂಡು ಮಾತ್ರ. ಒಂದು ಮಹಾಯುದ್ಧವು ಮುಗಿದು ಮಿಕ್ಕ ಆಯುಧಗಳು ಜಗತ್ತಿನ ಸಂತೆಯಲ್ಲಿ ಅಲೆಯುತ್ತಿದ್ದ ಕಾಲವದು. ಅವುಗಳಲ್ಲಿ ಕೆಲವು ಅಮೆರಿಕದ ಅಂಗಡಿಗೆ ಹೋದವು, ಕೆಲವು ನಮ್ಮ ನೆಲಕ್ಕೆ ಬಂದಿಳಿದವು. ಹವ್ಯಾಸಿಯ ಸುಖಕ್ಕೂ ನಮ್ಮ ಆಯಿಯ ನಡುಕಕ್ಕೂ ಇರುವ ನಂಟು ಇದೇ.

1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವು ಬೀದರ ಜಿಲ್ಲೆಯನ್ನೇ ನಡುಗಿಸಿತು. ಸಪ್ಟೆಂಬರ 13ರಂದು ಭಾರತದ ಸೈನ್ಯವು ಗಡಿ ದಾಟಿತು. ಸೊಲ್ಲಾಪುರದ ಹೆದ್ದಾರಿಯಿಂದ ಬಂದ ತುಕಡಿಗಳು ನಳದುರ್ಗ, ಹುಮನಾಬಾದುಗಳನ್ನು ದಾಟಿ ಜಹೀರಾಬಾದನ್ನು ಹಿಡಿದವು. 17ರಂದು ಬೀದರು ಕೈವಶವಾಯಿತು. ಅಂದೇ ನಿಜಾಮರು ಕದನವಿರಾಮ ಸಾರಿದರು. 18ರಂದು ಅವರ ಸೇನಾಪತಿ ಎಲ್ ಎದ್ರೂಸನು ಮೇಜರ್ ಜನರಲ್ ಚೌಧುರಿಯವರಿಗೆ ಶರಣಾದನು. ಆ ಐದು ದಿನಗಳಲ್ಲಿ ಎರಡು ಕಡೆಯ ಸಿಪಾಯಿಗಳ ಕೈಯಲ್ಲಿಯೂ ಇದ್ದ ಬಂದೂಕು ಬಹುಮಟ್ಟಿಗೆ ಒಂದೇ, ಇದೇ ತ್ರೀ ನಾಟ್ ತ್ರೀ.

ನಮ್ಮ ಕಡೆಯ ಸಭೆಗಳಲ್ಲಿ ಕಥೆಯನ್ನು ಇಲ್ಲಿಗೆ ನಿಲ್ಲಿಸುವುದು ವಾಡಿಕೆ. ಇಲ್ಲಿಗೆ ನಿಲ್ಲಿಸಿದರೆ ಅದು ಅರ್ಧ ಕಥೆ. ವಿಮೋಚನೆಯಾದ ಮೇಲಿನ ವಾರಗಳಲ್ಲಿ ಬಂದೂಕುಗಳು ಕೈ ಬದಲಿಸಿದವು. ಸೇಡಿನ ಕಿಚ್ಚಿನಲ್ಲಿ ಏನೂ ಅರಿಯದ ಮುಸಲ್ಮಾನ ಕುಟುಂಬಗಳು ಬೆಂದವು. ಕೇಂದ್ರ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಆ ವರ್ಷದ ಕೊನೆಗೆ ಸುತ್ತಾಡಿ, ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ ಈ ನಾಲ್ಕು ಜಿಲ್ಲೆಗಳೇ ಹೆಚ್ಚು ನೊಂದವೆಂದೂ, ರಾಜ್ಯದಲ್ಲಿ ಸತ್ತವರು 27,000ದಿಂದ 40,000ದವರೆಗೆ ಇರಬಹುದೆಂದೂ ಬರೆಯಿತು. ಆ ವರದಿಯು ಬಹುಕಾಲ ಜನರ ಕಣ್ಣಿಗೆ ಬೀಳಲಿಲ್ಲ. 2013ರ ಹೊತ್ತಿಗೆ ಓದಲು ದೊರೆಯಿತು.

ನಮ್ಮ ಆಯಿ ಆಗ ಎಂಟೊಂಬತ್ತು ವರ್ಷದ ಹುಡುಗಿ. ದೀಪಾವಳಿಯ ಮರುದಿನ, ಹುಡುಗನು ಹೊರಗೆ ಹೋಗಿದ್ದಾಗ, ನಾವು ಕೇಳಿದ್ದಕ್ಕೆ ಅವರು ಮೆಲ್ಲಗೆ ಹೇಳಿದರು. ಮಳೆಗಾಲದ ಮುಂಚೆ ದೂರದಲ್ಲಿ ಈಡಿನ ಸದ್ದು ಕೇಳಿದರೆ ಅವರ ತಾಯಿ ದೀಪವನ್ನು ಊದಿ, ಮಕ್ಕಳನ್ನು ಜೋಳದ ಕಣಜದ ಹಿಂದೆ ಕೂಡಿಸುತ್ತಿದ್ದರು. ಉದ್ದು ಹೆಸರು ಬಿಡಿಸುವ ಕಾಲಕ್ಕೆ ಅದೇ ಕಣಜದ ಹಿಂದೆ ಬೇರೆ ಮಕ್ಕಳು ಕುಳಿತಿದ್ದರು. ಅವರು ಓಣಿಯ ಕೊನೆಯಲ್ಲಿದ್ದ ಮುಸಲ್ಮಾನರ ಮನೆಯ ಮಕ್ಕಳು. “ದೀಪ ಎರಡೂ ಸರ್ತಿ ಆರಿಸೇವಿ. ಬಂದೂಕ ಯಾರದು ಅಂತ ನಮಗೇನ ಗೊತ್ತಿತ್ತಪ್ಪ, ಸಪ್ಪಳ ಒಂದೇ ಇತ್ತು” ಎಂದರು. ಅದಕ್ಕಿಂತ ಹೆಚ್ಚಿಗೆ ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇಂತಹ ಮನೆಯಲ್ಲಿ ಬೆಳೆದ ನಾವು ಬಂದೂಕನ್ನು ದ್ವೇಷಿಸುವೆವೆಂದು ವಾಚಕರು ಭಾವಿಸಬಹುದು. ಹಾಗಿಲ್ಲವೆಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ಬೀದರಿನಲ್ಲಿ ಓದುತ್ತಿದ್ದಾಗ ನಾವು ಎನ್.ಸಿ.ಸಿ. ಸೇರಿದ್ದೆವು. ಆ ಸಂಸ್ಥೆ ಉದ್ಘಾಟನೆಯಾದುದೂ 1948ರ ಜುಲೈಯಲ್ಲಿಯೇ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ಕವಾಯತಿಗೆ ನಮಗೆ ಕೊಡುತ್ತಿದ್ದುದು ಸೇವೆ ಮುಗಿಸಿದ ತ್ರೀ ನಾಟ್ ತ್ರೀಗಳನ್ನೇ. ಇನ್ನು ಎಂದೂ ಸಿಡಿಯಬಾರದೆಂದು ಅವುಗಳನ್ನು ಕೆಡಿಸಿ ‘ಡಿ.ಪಿ.’ ಎಂಬ ಅಕ್ಷರಗಳನ್ನು ಒತ್ತಿರುತ್ತಿದ್ದರು. ಕವಾಯತಿಗಾಗಿ ಮಾತ್ರ ಎಂದು ಅದರ ತಾತ್ಪರ್ಯ. ಹದಿನಾಲ್ಕರ ಹುಡುಗನ ಹೆಗಲಿಗೆ ಆ ನಾಲ್ಕು ಕಿಲೋ ಬಹಳ ಭಾರ. ಆದರೂ ಸಲಾಮಿ ಶಸ್ತ್ರದ ಆಜ್ಞೆಯಾದಾಗ ನೂರು ಕೈಗಳು ಒಮ್ಮೆಗೇ ಮರದ ಹಿಡಿಯನ್ನು ಬಡಿಯುವ ಸದ್ದಿಗೆ ನಮ್ಮ ಮೈ ನವಿರೇಳುತ್ತಿತ್ತು. ಮಧ್ಯಾಹ್ನ ನೆರಳಿನಲ್ಲಿ ಕುಳಿತು ಎಣ್ಣೆಯ ಚಿಂದಿಯಿಂದ ಬೋಲ್ಟನ್ನು ಒರೆಸುವಾಗ, ಅದರ ಮೇಲಿನ ಸಂಖ್ಯೆಗಳನ್ನು ಬೆರಳಿನಿಂದ ಮುಟ್ಟಿ, ಇದು ಯಾವ ಮರುಭೂಮಿಯನ್ನು, ಯಾವ ಹಿಮಪರ್ವತವನ್ನು ಕಂಡಿತ್ತೋ ಎಂದು ಕಲ್ಪಿಸಿಕೊಳ್ಳುತ್ತಿದ್ದೆವು. ಅಮೆರಿಕದ ಆ ಗೃಹಸ್ಥನ ನಗು ನಮಗೆ ಅರ್ಥವಾದುದು ಇದರಿಂದಲೇ.

ನಿಜವಾದ ಗುಂಡನ್ನು ಹೊಡೆದುದು ಹತ್ತು ದಿನಗಳ ಶಿಬಿರದಲ್ಲಿ, 22 ಬೋರಿನ ಸಣ್ಣ ಬಂದೂಕಿನಿಂದ. ನೆಲದ ಮೇಲೆ ಬೋರಲು ಮಲಗಿ, ಉಸಿರನ್ನು ಅರ್ಧ ಬಿಟ್ಟು ಹಿಡಿದು, ಕುದುರೆಯನ್ನು ಜಗ್ಗದೆ ಮೆಲ್ಲಗೆ ಒತ್ತಬೇಕೆಂದು ಹವಾಲ್ದಾರರು ಕಲಿಸಿದರು. ಐದು ತೋಟೆಗಳು. ಅವುಗಳಲ್ಲಿ ಮೂರು ಗುರಿಹಲಗೆಯ ಮೇಲೆ ಬಿದ್ದಾಗ ನಮಗಾದ ಆನಂದವನ್ನು ಇಂದಿಗೂ ಮರೆತಿಲ್ಲ. ಅದಕ್ಕಿಂತ ಹೆಚ್ಚಾಗಿ ನೆನಪಿರುವುದು ಅನಂತರ ನಡೆದುದು. ಹವಾಲ್ದಾರರು ಖಾಲಿ ತೋಟೆಗಳನ್ನು ಆರಿಸಿ ಎಣಿಸಿಕೊಡಲು ಹೇಳಿದರು. ನಮ್ಮ ಲೆಕ್ಕದಲ್ಲಿ ಒಂದು ಕಡಿಮೆ ಬಂದಿತು. ಊಟದ ಗಂಟೆ ಬಾರಿಸಿದರೂ ನಮ್ಮ ತಂಡವನ್ನು ಬಿಡಲಿಲ್ಲ. ಹುಲ್ಲಿನಲ್ಲಿ ಮೊಣಕಾಲೂರಿ ಒಂದು ಗಂಟೆ ಹುಡುಕಿದ ಮೇಲೆ ಆ ಬೆರಳುಗುರಿನಷ್ಟು ಹಿತ್ತಾಳೆಯ ತುಂಡು ಸಿಕ್ಕಿತು. ಹವಾಲ್ದಾರರು ಅದನ್ನು ಪುಸ್ತಕದಲ್ಲಿ ಬರೆದು, ನಮ್ಮಿಂದ ಸಹಿ ಹಾಕಿಸಿಕೊಂಡು, ಆಮೇಲೆ ಊಟಕ್ಕೆ ಕಳುಹಿಸಿದರು. ಅಂದು ನಮಗೆ ಸಿಟ್ಟು ಬಂದಿತ್ತು. ಇಂದು ಆ ಪುಸ್ತಕವೇ ನಮ್ಮ ಪ್ರಶ್ನೆಗೆ ಉತ್ತರವೆಂದು ತೋರುತ್ತಿದೆ.

ಅಮೆರಿಕದವನು ತನ್ನ ಬಂದೂಕಿನ ಸಂಖ್ಯೆಯನ್ನು ಬಲ್ಲನು. ಕೊಡಗಿನ ಒಕ್ಕಲಿನಲ್ಲಿ ಕೋವಿ ಯಾರದು, ಯಾರಿಂದ ಬಂದುದು, ಇಂದು ಹೊಡೆದ ಈಡು ಯಾವ ಕಾರಣಕ್ಕೆ ಎಂಬುದು ಊರಿಗೆಲ್ಲ ತಿಳಿದಿರುವುದು. ಶಿಬಿರದಲ್ಲಿ ಐದು ತೋಟೆಗೂ ಲೆಕ್ಕವಿತ್ತು. ಎಲ್ಲಿ ಲೆಕ್ಕವಿದೆಯೋ ಅಲ್ಲಿ ಬಂದೂಕಿನಿಂದ ನಲಿವು ಸಾಧ್ಯವಾಗಿದೆ. ಡಲ್ಲಾಸಿನಲ್ಲಿ ಸುಳ್ಳು ಹೆಸರಿನ ಕೈಗೆ ಹೋದಾಗ ಅದು ಕೇಡಾಯಿತು. ನಮ್ಮ ನೆಲದಲ್ಲಿ 1948ರಲ್ಲಿ ರಾತ್ರಿ ಇಳಿದ ಪೆಟ್ಟಿಗೆಗಳಿಂದ ಹಿಡಿದು ಸೇಡಿನ ವಾರಗಳವರೆಗೆ, ಯಾವ ಬಂದೂಕು ಯಾರ ಕೈಗೆ ಹೋಗಿ ಯಾರ ಎದೆಗೆ ಗುರಿಯಿಟ್ಟಿತೆಂಬುದಕ್ಕೆ ಪುಸ್ತಕವಿರಲಿಲ್ಲ. ಸತ್ತವರ ಲೆಕ್ಕವೇ 27,000ವೋ 40,000ವೋ ಎಂಬ ಅಂದಾಜಿನಲ್ಲಿ ನಿಂತಿದೆ. ಲೆಕ್ಕವಿಲ್ಲದ ಆ ಈಡುಗಳ ಸದ್ದೇ ನಮ್ಮ ಆಯಿಯ ಕಿವಿಯಲ್ಲಿ ಇನ್ನೂ ಉಳಿದಿರುವುದು.

ತ್ರೀ ನಾಟ್ ತ್ರೀಯ ಕಾಲವಂತೂ ಕಳೆಯಿತು. 1962ರ ಚೀನಾ ಯುದ್ಧದಲ್ಲಿಯೂ ನಮ್ಮ ಸೈನಿಕರು ಅದನ್ನೇ ಹಿಡಿದು ಹಿಮದಲ್ಲಿ ನಿಂತಿದ್ದರು. ಅದರ ಮರುವರ್ಷವೇ ಇಷಾಪುರವು ಹೊಸ 7.62 ಮಿಲಿಮೀಟರ್ ತೋಟೆಗೆ ಒಗ್ಗುವಂತೆ ಅದೇ ಬಂದೂಕನ್ನು ಬಲಪಡಿಸಿ ಮಾಡತೊಡಗಿತು. ಸೈನ್ಯವು ಬಿಟ್ಟ ಮೇಲೆ ಪೋಲೀಸರು ಬಹುಕಾಲ ಹೊತ್ತರು. ಉತ್ತರ ಪ್ರದೇಶದ ಪೋಲೀಸರು 2020ರ ಗಣರಾಜ್ಯ ದಿನದ ಕವಾಯತಿನಲ್ಲಿ ಅದಕ್ಕೆ ವಿದಾಯ ಹೇಳಿದರು.

ನಮ್ಮ ಹುಡುಗನಿಗೆ ಕೊಟ್ಟ ಉತ್ತರವಿಷ್ಟು. ಹಳೆಯ ಸೈನಿಕ ಬಂದೂಕು ನಿನಗೆ ದೊರೆಯದು, ಅದಕ್ಕಾಗಿ ಹಂಬಲಿಸಬೇಡ. ಗುರಿ ಹೊಡೆಯುವ ಮನಸ್ಸಿದ್ದರೆ ಹೈದರಾಬಾದಿನಲ್ಲಿ ಶೂಟಿಂಗ್ ಕಲಿಸುವ ಶಾಲೆಗಳಿವೆ, ಗಾಳಿಬಂದೂಕಿನಿಂದ ಆರಂಭಿಸು. ಮೊದಲು ಬರೆಯುವುದನ್ನು ಕಲಿ, ಆಮೇಲೆ ಹೊಡೆಯುವುದನ್ನು. ಪ್ರತಿ ಈಡನ್ನೂ ಪುಸ್ತಕದಲ್ಲಿ ನಮೂದಿಸು. ಅವನು ಒಪ್ಪಿದನು. “ಆಯಿಗೆ ಹೇಳ್ಬ್ಯಾಡ್ರಿ ಕಾಕಾ” ಎಂದನು. ಹೇಳಬೇಕು, ನೀನೇ ಹೇಳಬೇಕು ಎಂದೆವು. ಅವನು ಹೊರಡುವ ದಿನ ಆಯಿಯ ಪಕ್ಕದಲ್ಲಿ ಕುಳಿತು ಹೇಳಿದನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಗಲಿನಾಗ ಹೊಡೀ ಹಂಗಾದ್ರ” ಎಂದರು.

ಸಂಘದ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಕಂಗ್ಟಿ, ನಾರಾಯಣಖೇಡ, ಜಹೀರಾಬಾದ, ತಾಂಡೂರುಗಳ ಕನ್ನಡ ಮನೆಗಳಲ್ಲಿ 1948ನ್ನು ಕಣ್ಣಾರೆ ಕಂಡವರು ಇನ್ನು ಕೆಲವೇ ಜನ ಉಳಿದಿರುವರು. ಅವರು ಹೇಳುವುದನ್ನು, ಯಾವ ಪಕ್ಷಕ್ಕೆ ಹಿತವೆಂದು ನೋಡದೆ, ಹಾಗೆಯೇ ಬರೆದು ಈ ಪತ್ರಿಕೆಗೆ ಕಳುಹಿಸಿರಿ. ನಾವೂ ಇನ್ನೂರು ಪುಟದ ಒಂದು ನೋಟುಬುಕ್ಕನ್ನು ಕೊಂಡಿದ್ದೇವೆ. ಮೊದಲನೆಯ ಪುಟದಲ್ಲಿ ಜೋಳದ ಕಣಜದ ಕಥೆಯನ್ನು ಬರೆದಿದೆ. ಉಳಿದ ಪುಟಗಳು ಖಾಲಿ ಇವೆ.